ಸೆಕೆಂಡಿಗೆ ಐದು ಹೊಲಿಗಿ

ಮೊದಲ ನೋಡಿದಾಗ ನಕ್ಕಿದ್ದೆ, ಸುಳ್ಳು ಯಾಕ ಹೇಳಲಿ.
ಹುಬ್ಬಳ್ಳಿ ದಾಜಿಬಾನ ಪೇಟಿಯ ಈ ಕಟ್ಟಿ ಮ್ಯಾಲ
ನಾಲ್ವತ್ತೊಂದು ವರ್ಷ ಕಾಲು ಆಡಿಸೀನಿ.
ಕುಪ್ಪಸ, ಆಟೋದ ಹುಡ್ಡು, ಶಾಲಿ ಪಾಟೀಚೀಲ,
ಒಮ್ಮೆ ಸರ್ಕಸ್ಸಿನವರ ಹರಕ ತಂಬೂ.
ರೆಕ್ಕಿ ಮಾತ್ರ ಯಾರೂ ತಂದಿದ್ದಿಲ್ಲ.

"ಇದು ಛತ್ರಿ ಅಲ್ಲ ಕಾಕಾ, ಛತ್ರಿ ಬ್ಯಾರೆ ಐತಿ,
ಅದನ್ನ ನೀವು ಮುಟ್ಟೂದು ಬ್ಯಾಡ.
ಇದು ಬರೇ ಅಂಗಿ. ಹಾಕ್ಕೊಂಡು ಜಿಗಿಯೂದು."
ಮೇಜಿನ ಮ್ಯಾಲ ಹರವಿದ್ಳು ರೋಹಿಣಿ ಹೊಂಬಳ.
ಕೈಗೂ ಸೊಂಟಕ್ಕೂ ನಡುವ ಬಗಲು,
ಎಂಥಾ ಬಗಲು! ನಾಕು ಕೂಸಿಗೆ ಕುಂಚಿಗಿ ಆಗ್ತಾವ.
ಕಾಲ ನಡುವ ಮಿಯಾನಿ.
ಪೈಜಾಮಕ್ಕ ನಾ ಅಂಗೈಯಷ್ಟು ಇಡತೀನಿ,
ಇದು ಹಾಸಿಗಿ ಚಾದರದಷ್ಟು.
ಒಳಗ ಅರಿವಿ ಗ್ವಾಡಿ ಎಬ್ಬಿಸಿ ಖೋಲಿ ಖೋಲಿ ಮಾಡ್ಯಾರ,
ಗಾಳಿ ಹೊಕ್ಕು ಉಬ್ಬಾಕ ಮುಂದ ಬಾಯಿ.
ಬಲಗಡೆ ಒಂದು ಗ್ವಾಡಿ ಹರದಿತ್ತು.
ಹೊಲಿದೆ. ಬಿಚ್ಚಿ ಮತ್ತ ಹೊಲಿದೆ.
ಮದುವಿ ಜಂಪರ್ ಅಲ್ಲ ಇದು,
ತಪ್ಪಿದರ ಬೈಸ್ಕೊಂಡು ಸುಮ್ಮನಾಗಾಕ.

ಆಮ್ಯಾಲ ಕಿಸೆದಾಗಿಂದ ಡಬ್ಬಿ ತಗದ್ಳು,
ಕಡ್ಡಿಪೆಟ್ಟಿಗಿಗಿಂತ ಒಂದು ಬಟ್ಟು ದೊಡ್ಡದು,
ಮೂಲ್ಯಾಗ ಹಸರ ದೀಪ ಮಿಣಮಿಣ.
"ಹೆಲ್ಮೆಟ್ಟಿನ ಹಿಂದ ಇದು ಕುಂದ್ರಾಕ ಒಂದು ಚೀಲ ಬೇಕು.
ಇದರ ಮಕ ಆಕಾಶಕ್ಕಿರಬೇಕು,
ಉಪಗ್ರಹ ಕಂಡರ ಮಾತ್ರ ಬರಕೊಳ್ತೈತಿ:
ಎಲ್ಲಿದ್ದೆ, ಎಷ್ಟು ಎತ್ತರ, ಎಷ್ಟು ಜೋರು,
ಒಂದು ಮಾರು ಕೆಳಗ ಬೀಳೂದರಾಗ
ಎಷ್ಟು ಮಾರು ಮುಂದ ಹೋದೆ.
ಸೆಕೆಂಡಿಗೆ ಐದು ಸಲ."
ಐದ?
ನಾ ಮಷೀನ್ ಕಡೆ ನೋಡಿದೆ.
ಮೋಟರ್ ಹಚ್ಚಿದರ ನಮ್ಮಕಿ ಹದಿನೈದು ಹಾಕ್ತಾಳ.
"ಸಾಕು ಕಾಕಾ. ಬೀಳುವಾಗ ಸೆಕೆಂಡು ಭಾಳ ಉದ್ದ ಇರತೈತಿ."

ಅಳತಿಗಿರಲಿ ಅಂತ ಡಬ್ಬಿ ಬಿಟ್ಟು ಹೋದ್ಳು,
ಆರಿಸೂದು ಮರತು.
ರಾತ್ರಿ ಅದು ಕಿಡಕಿ ಹತ್ರ, ಕತ್ತರಿ ಬಾಜೂಕ ಮಲಗಿತ್ತು.
ಮರುದಿನ ಲ್ಯಾಪ್ಟಾಪಿಗೆ ಹಚ್ಚಿ ತೋರಿಸಿದ್ಳು:
ನಕಾಶಿ ಮ್ಯಾಲ ದಾರದ ಗಂಟು,
ಬಾಬಿನ್ ಸಿಕ್ಕುಬಿದ್ದಂಗ.
ಅಲುಗದ ಡಬ್ಬಿ ಗಟಾರ ದಾಟೇತಿ,
ಸೋಡಾ ಅಂಗಡಿ ಹೊಕ್ಕು ಹೊರಬಿದ್ದೇತಿ,
ಹಿಂದಿನ ಓಣಿ ನಳದತನ ಹೋಗಿ
ರಾತ್ರಿ ಮೂರಕ್ಕ ತಿರುಗಿ ನಮ್ಮ ಕಟ್ಟಿಗೆ.
"ಅದು ತಪ್ಪು ರೀ. ಗ್ವಾಡಿ ನಡುವ ಸಿಗ್ನಲ್ ಬಡಕೊಂಡು ಬರ್ತೈತಿ,
ಕುಂತಲ್ಲೇ ಕುಂತಿದ್ದರೂ ತಿರುಗ್ಯಾಡಿದಂಗ ಕಾಣತೈತಿ."
ಅಳಸಾಕ ಬೆರಳು ಒಯ್ದ್ಳು.
ಇರಲಿ ತಂಗಿ ಅಂದೆ.
ನಾನೂ ಇಲ್ಲೇ ಕುಂತೀನಿ.

ಎರಡು ತಿಂಗಳಿಗೆ ಫೋನಿಗೆ ಒಂದು ಗೆರಿ ಬಂತು.
ಯಾವೂರ ಆಕಾಶೋ, ಹೆಸರು ಓದಿದೆ, ಮರತೆ.
ವಿಮಾನದ ಬಾಗಲದಿಂದ ಛತ್ರಿ ಬಿಚ್ಚೂತನ
ಎರಡು ನಿಮಿಷ ಹನ್ನೊಂದು ಸೆಕೆಂಡು.
ಹಿಂದಿಂದು ಮುಂದಿಂದು ಕತ್ತರಿಸಿ ಒಗದಾಳ;
ಮೈ ತುಂಬಿದರ ಬಿಚ್ಚಾಕ ಇರಲಿ ಅಂತ
ನಾವು ಒಳಗ ಎರಡು ಬಟ್ಟು ಅರಿವಿ ಬಿಡತೀವಿ,
ಅಷ್ಟೂ ಬಿಟ್ಟಿಲ್ಲ ಹುಡುಗಿ.
ಚಷ್ಮಾ ಏರಿಸಿ, ಬೆರಳಿಂದ ಹಿಗ್ಗಿಸಿ ನೋಡಿದೆ.
ಚುಕ್ಕಿ, ಚುಕ್ಕಿ, ಚುಕ್ಕಿ.
ಜೋರು ಹೋದಲ್ಲಿ ಕಚ್ಚಾ ಹೊಲಿಗಿಯಂಗ ಅಗಲ,
ನಿಧಾನ ಆದಲ್ಲಿ ಕಾಜಾದಂಗ ಒತ್ತು.
ಅರ್ಧದಾಗ ಒಂದು ಕಡೆ ಏನೂ ಇಲ್ಲ.

ಫೋನ್ ಹಚ್ಚಿದೆ. "ನನ್ನ ಚೀಲ ಸಡಲಾತೇನು?"
"ಇಲ್ಲ ಕಾಕಾ, ಚೀಲ ಗಟ್ಟಿ ಐತಿ.
ಅಲ್ಲಿ ನಾ ಅಂಗಾತ ಹೊರಳಿದ್ದೆ.
ಡಬ್ಬಿ ನೆಲ ನೋಡ್ತಿತ್ತು."
"ನೀ?"
ಆ ಕಡೆ ಎಲ್ಲೋ ಗಾಡಿ ಹಾರನ್ನು.
ನಕ್ಕಳೋ ಏನೋ, ಉಸರಿನ ಸಪ್ಪಳ ಬಂತು.

ಎಣಿಸಿದೆ. ಅಷ್ಟು ಜಾಗಾದಾಗ ಹದಿಮೂರು ಚುಕ್ಕಿ ಬೀಳತಿದ್ದವು.
ಹದಿಮೂರು ಹೊಲಿಗಿ ತಪ್ಪಿದ ಅಂಗಿ
ಯಾವ ಗಿರಾಕಿಗೂ ನಾ ಕೊಟ್ಟಿಲ್ಲ.
ಅಷ್ಟರಾಗ ಕರೆಂಟ್ ಹೋತು.
ಫಕೀರವ್ವನ ಮೊಮ್ಮಗಳ ಲಂಗ ಸೂಜಿ ಕೆಳಗ ಹಂಗ ಇತ್ತು,
ಮೋಟರಿನ ಪಟ್ಟಾ ಕಳಚಿ
ಕಾಲಿಂದ ತುಳಿಯಾಕ ಹತ್ತಿದೆ.