ಚೀಟಿ ನಂಬರ್ ೪೧೨

ಶಟರ್ ಅಂಟಿದೆ. ಮುಂಗಡ ಇಪ್ಪತ್ತು. ಸೋಮವಾರ.
ಇಷ್ಟೇ ಬರೆದಿದ್ದೆ ಚೀಟಿಯಲ್ಲಿ.
ಹಿಂದುಗಡೆ ಹೆಸರು: ಸುಗುಣಾಬಾಯಿ, ನರ್ಸು, ಮೆಗ್ಗಾನ್ ಆಸ್ಪತ್ರೆ.
ಆಮೇಲೆ ಬಂದ ಸೋಮವಾರಗಳನ್ನು ಎಣಿಸಿದವರಾರು,
ದುರ್ಗಿಗುಡಿ ರಸ್ತೆಯನ್ನೇ ಎಷ್ಟು ಸಲ ಅಗೆದು ಮುಚ್ಚಿದರು.

ಈಗ ಅಂಗಡಿ ಬಿಡಬೇಕು.
ಗಡಿಯಾರಗಳೆಲ್ಲ ಕೆಜಿ ಲೆಕ್ಕದಲ್ಲಿ ಹೋದವು,
ನಡೆಯುವವಕ್ಕೂ ನಿಂತವಕ್ಕೂ ಒಂದೇ ರೇಟು.
ಈ ಕ್ಯಾಮೆರಾ ಒಂದು ಉಳಿದಿದೆ.
ಕಾಫಿ ಅಂಗಡಿ ಹುಡುಗ ಎಂಟುನೂರು ಹೇಳಿದ, ಗೋಡೆಗೆ ಚೆಂದವಂತೆ.
ಒಳಗೆ ರೀಲಿದೆಯಪ್ಪಾ, ಅಂದೆ.
ಇರಲಿ ಬಿಡಿ ಅಜ್ಜ, ಯಾರು ನೋಡ್ತಾರೆ.
ತೊಳೆಸಿಬಿಡಿ ಅಂತಾನೆ ಪಕ್ಕದ ಝೆರಾಕ್ಸಿನ ಇಲಿಯಾಸ್.
ಪರರ ಕಾಗದ ಒಡೆದು ಓದಿದ ಹಾಗಲ್ಲವೇನೋ ಅದು?

ಆದರೆ ಒಂದು ಮಾತು, ಯಾರಿಗೂ ಹೇಳಿಲ್ಲ.
ರಿಪೇರಿಯಾದ ಸಂಜೆ, ಪರೀಕ್ಷೆಗೆಂದು,
ಒಂದೇ ಒಂದು ಸಲ ಒತ್ತಿದ್ದೆ.
ಇಪ್ಪತ್ತೆರಡರ ಮುಳ್ಳು ಇಪ್ಪತ್ತಮೂರಕ್ಕೆ ಸರಿಯಿತು.
ಎದುರಿಗೆ ಟೈಲರ್ ಪುಂಡಲೀಕ
ದಾರದ ತುದಿ ಬಾಯಲ್ಲಿ ನೆನೆಸುತ್ತ
ಸೂಜಿಯನ್ನು ಬೆಳಕಿಗೆ ಹಿಡಿದಿದ್ದ,
ಒಂದು ಕಣ್ಣು ಮುಚ್ಚಿ,
ನನ್ನ ಹಾಗೆಯೇ.
ಅವನೂ ಹೋದ. ಅಲ್ಲೀಗ ಮೊಬೈಲ್ ಕವರು ತೂಗುತ್ತವೆ.
ಅಷ್ಟು ಮಾತ್ರ ನನ್ನದು ಆಕೆಯ ರೀಲಿನಲ್ಲಿ.
ಬಿಲ್ಲಿನಲ್ಲಿ ಎರಡು ರೂಪಾಯಿ ಮುರಿದುಕೊಳ್ಳೋಣ,
ಕೇಳಿದರೆ ಹೇಳೋಣ ಅಂದುಕೊಂಡಿದ್ದೆ.

ನಿನ್ನೆ ಅಂಗಡಿಯ ಶಟರ್ ಎಳೆದೆ.
ಅದೂ ಅಂಟುತ್ತದೆ, ಮೊಣಕಾಲು ಕೊಡಬೇಕು.
ಕ್ಯಾಮೆರಾ ಚೀಲದಲ್ಲಿತ್ತು, ಊಟದ ಡಬ್ಬಿಯ ಪಕ್ಕ.
ಸುಣ್ಣದಕಡ್ಡಿ ಹಿಡಿದು ಬರೆದೆ, ಅಕ್ಷರ ಸೊಟ್ಟಗಾಯಿತು:

ಚೀಟಿ ೪೧೨ ತಯಾರಿದೆ.
ವಿನೋಬನಗರ, ನೀರಿನ ಟ್ಯಾಂಕಿನ ಹಿಂದೆ, ಹಸಿರು ಗೇಟು.
ಬಾಕಿ ಹದಿನೆಂಟು ರೂಪಾಯಿ.
ಸೋಮವಾರವೇ ಆಗಬೇಕೆಂದಿಲ್ಲ.