ತಲೆ ಸವೆದ ತಿರುಪು

ದಾಪೋಡಿಯಲ್ಲಿ, ರೈಲ್ವೆ ಗೇಟಿನ ಹಿಂದಿನ ಓಣಿಯಲ್ಲಿ
ರಾತ್ರಿ ಹನ್ನೊಂದಕ್ಕೆ ಸೂಜಿ ಮುರಿಯಿತು.
ತುದಿ ಮಿಷನ್ನಿನ ತಟ್ಟೆಯ ಕೆಳಗೆ ಬಿದ್ದು
ಹಲ್ಲಿನ ಸಂದಿಗೆ ಸಿಕ್ಕ ಜೋಳದ ಸಿಪ್ಪೆಯ ಹಾಗೆ
ಅಲ್ಲೇ ಕೂತು ಕಿರಿಕಿರಿ ಶುರುಮಾಡಿತು.
ನಾಳೆ ಹತ್ತಕ್ಕೆ ಶೇವಂತಾ ಮಾವಶಿಯ ಮಗಳಿಗೆ ರವಿಕೆ ಬೇಕು.
ಒಂದು ತೋಳು ಕೂತಿದೆ, ಇನ್ನೊಂದು
ಕೈಯಿಲ್ಲದೆ ಮಣೆಯ ಮೇಲೆ ಮಲಗಿದೆ.

ತಟ್ಟೆಗೆ ಎರಡೇ ತಿರುಪು.
ಎಡದ್ದು ಮಾತು ಕೇಳಿತು, ಎರಡೇ ಸುತ್ತು, ಅಂಗೈಗೆ ಬಂತು.
ಬಲದ್ದು ಜಪ್ಪಯ್ಯ ಎನ್ನಲಿಲ್ಲ.
ನೆತ್ತಿಯ ಗೀರು ಸವೆದು ಬೋಳಾಗಿ
ಡ್ರೈವರ್ ಇಟ್ಟರೆ ಜಾರುತ್ತದೆ,
ಒತ್ತಿದರೆ ಜಾರುತ್ತದೆ, ಬೈದರೂ ಜಾರುತ್ತದೆ.
ಮೆಣಸಿನಕಾಳಿನಷ್ಟು ಕಬ್ಬಿಣ!
ಒಂದೇ ಒಂದು ಸುತ್ತು ನೀಡಪ್ಪಾ ಎಂದು
ತಿರುಪಿನ ಮುಂದೆ ಕೂತು ತಿರುಪೆ ಎತ್ತಿದೆ.

ಯಾವ ಭಾಡ್ಯಾನ ಕೆಲಸ ಇದು?
ಟಾರ್ಚು ಹಿಡಿದು ಬಗ್ಗಿ ನೋಡಿದೆ.
ಗೀರಿನ ಒಂದೇ ಅಂಚು ಹರಿದಿದೆ, ಓರೆಯಾಗಿ,
ತರಕಾರಿ ಚಾಕುವಿನ ತುದಿಯಿಂದ ತಿರುವಿದ ಹಾಗೆ,
ಅದೂ ಎಡಗೈಯಲ್ಲಿ.
ಈ ಮನೆಯಲ್ಲಿ ಎಡಚಿ ನಾನೊಬ್ಬಳೇ.
ಆ ದೀಪಾವಳಿ, ಹದಿನೇಳು ರವಿಕೆ, ಕರೆಂಟು ಇಲ್ಲ,
"ಹುಡುಕಾಕ ಹೊತ್ತಿಲ್ಲ, ಚಾಕೂನೇ ಸಾಕು" ಅಂದವಳು.
ಬೈಗುಳ ನುಂಗಿಕೊಂಡೆ. ಸ್ವಲ್ಪ ಖಾರವಿತ್ತು.

ಎದುರು ಮನೆಯ ಗಾವಡೆ, ಖಡಕಿಯ ಕಾರ್ಖಾನೆಯ ಫಿಟರ್,
ಎರಡನೇ ಪಾಳಿ ಮುಗಿಸಿ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ.
ಹ್ಯಾಕ್ಸಾ ಬ್ಲೇಡಿನ ತುಂಡು ಕೊಟ್ಟ, ತಳಕ್ಕಿಳಿದ ಸೀಮೆಎಣ್ಣೆಯ ಬಾಟಲಿ ಕೊಟ್ಟ,
"ಆಧೀ ಘಟ್ಟ ಕರಾ, ಮಗ ಸೈಲ" ಎಂದು ಆಕಳಿಸಿದ.
ಮೊದಲು ಬಿಗಿ ಮಾಡಬೇಕಂತೆ, ಬಿಚ್ಚಬೇಕಾದದ್ದನ್ನು.
ನಿದ್ದೆಗಣ್ಣಿನ ಮಾತು, ಅಂದುಕೊಂಡೆ.

ಒಂದು ಹನಿ ಎಣ್ಣೆ. ಆಮೇಲೆ ಕಾಯುವುದು.
ಒಂದು ಚಹಾ. ಲೋಣಾವಳಾ ಕಡೆಯ ಕೊನೆಯ ಲೋಕಲ್ಲಿಗೆ
ನೆಲ ಸಣ್ಣಗೆ ನಡುಗಿ ಡಬ್ಬಿಯಲ್ಲಿ ಬಾಬಿನ್ನುಗಳು ಗುನುಗಿದವು.
ಬ್ಲೇಡಿಗೆ ಹಳೆಯ ಲಂಗದ ಚೂರು ಸುತ್ತಿ
ಸವೆದ ನೆತ್ತಿಗೆ ಹೊಸ ಗೀರು ಕೊಯ್ದೆ,
ಬೈತಲೆ ತೆಗೆದಷ್ಟು ಮೆಲ್ಲಗೆ.
ನೇರ ಬರಲಿಲ್ಲ.
ಮಗಳ ಬೈತಲೆಯೂ ನನ್ನ ಕೈಯಲ್ಲಿ ಎಂದೂ ನೇರ ಬಂದದ್ದಿಲ್ಲ.

ಡ್ರೈವರ್ ಕೂಡಿಸಿ ಅದರ ಬೆನ್ನಿಗೆ ಎರಡು ಏಟು,
ಗೊತ್ತಿದ್ದವರ ಬಾಗಿಲು ತಟ್ಟಿದಂತೆ.
ಮೈಭಾರವೆಲ್ಲ ಮಣಿಕಟ್ಟಿಗೆ ಇಳಿಸಿ
ಬಲಕ್ಕೆ, ಕೂದಲೆಳೆಯಷ್ಟು, ಬಿಗಿದೆ.
ಟಕ್.
ಆಮೇಲೆ ಎಡಕ್ಕೆ. ಎಡ ನನ್ನದೇ ದಿಕ್ಕು.
ಕಾಲು ಸುತ್ತು, ಅರೆ ಸುತ್ತು,
ಇನ್ನು ಬೆರಳೇ ಸಾಕು.

ತಟ್ಟೆ ಎತ್ತಿದರೆ: ಸೂಜಿಯ ತುದಿ, ಹೆಪ್ಪುಗಟ್ಟಿದ ನೂಲಧೂಳು,
ಯಾರದೋ ಮದುವೆಯ ಜರಿ, ಯಾರದೋ ಶಾಲೆಯ ನೀಲಿ,
ಒಂದು ಬಿಳಿ ಕೂದಲು.
ನನ್ನದಲ್ಲ ಎಂದು ವಾದಿಸಲು ಯಾರೂ ಎದ್ದಿರಲಿಲ್ಲ.

ಅಂಗಡಿ ತೆರೆದ ಮೇಲೆ ಹೊಸ ತಿರುಪು ಐದು ರೂಪಾಯಿಗೆ ಸಿಕ್ಕೀತು.
ಈಗ ಗಂಟೆ ಒಂದೂವರೆ.
ಅದನ್ನೇ ಒರೆಸಿ, ಅದರ ಮನೆಗೇ ಕೂಡಿಸಿ,
ಬಹಳ ಬಿಗಿಯಲಿಲ್ಲ.
ಇನ್ನೊಂದು ತೋಳು ಎತ್ತಿಕೊಂಡೆ.