ಎಡಗೈ ಹೆಬ್ಬೆರಳು, ಒಂದು ನೋಟ

ಚೀಟಿ ಮಲೆಯಾಳದಲ್ಲಿತ್ತು: ಐತಪ್ಪ ಬೆಳ್ಚಪ್ಪಾಡ, ಎಪ್ಪತ್ತಮೂರು,
ಎಡಗೈ ಹೆಬ್ಬೆರಳಿನ ಬುಡ, ನೋವು.
ಕುಂಬಳೆಯಲ್ಲಿ ಹಳಿಯ ಪಕ್ಕವೇ ನಮ್ಮ ಎಕ್ಸ್‌ರೇ ಕೋಣೆ.
ಗಾಡಿ ಹಾದರೆ ಮೇಜು ಸಣ್ಣಗೆ ನಡುಗುತ್ತದೆ,
ಅದು ಹೋಗುವವರೆಗೆ ಉಸಿರು ಹಿಡಿದು ಕಾಯುವುದು
ನನಗೂ ಯಂತ್ರಕ್ಕೂ ರೂಢಿ.

ಅಂಗೈ ಹೊರಕ್ಕೆ ತಿರುಚಿ ಅಂದೆ, ಇನ್ನೂ ತಿರುಚಿ,
ಹೆಬ್ಬೆರಳಿನ ಬೆನ್ನು ಪ್ಲೇಟಿಗೆ ತಾಗಲಿ, ಉಗುರು ಕೆಳಗೆ.
ಹೀಗೆ ಯಾರೂ ಕೈ ಚಾಚುವುದಿಲ್ಲ,
ಕೊಡುವಾಗಲೂ ಇಲ್ಲ, ಬೇಡುವಾಗಲೂ ಇಲ್ಲ.
ಹಲ್ಲು ಕಚ್ಚಿ ತಿರುಚಿದರು.
ಹೆಬ್ಬೆರಳು ಮಾತ್ರ ಏನನ್ನೋ ಒತ್ತಿ ಹಿಡಿದಂತೆ
ಬಾಗಿಯೇ ಇತ್ತು.
“ಸಡಿಲ ಬಿಡಿ ಅಜ್ಜ.”
“ಬಿಟ್ಟರೆ ಸಾಲು ಚೆಲ್ಲಿ ಹೋಗ್ತದೆ ಮಾರಾಯ್ತಿ.”

ಬದಿಯಡ್ಕದಲ್ಲಿ ಒಂದು ಪ್ರೆಸ್ಸು ಇತ್ತಂತೆ.
ಮೂವತ್ತೊಂದು ವರ್ಷ ಅಲ್ಲಿ ಮೊಳೆ ಜೋಡಿಸಿದ ಕೈ.
ಬಲಗೈ ಖಾನೆಯಿಂದ ಖಾನೆಗೆ ಹೆಕ್ಕುವ ಕೋಳಿ;
ಎಡಗೈಯಲ್ಲಿ ಸ್ಟಿಕ್ಕು,
ಆಗಷ್ಟೇ ಇಟ್ಟ ಅಕ್ಷರದ ಮೇಲೆ ಸದಾ ಈ ಬೆರಳು.
ಮದುವೆ ಕಾಗದ, ಬೊಜ್ಜದ ಕಾಗದ,
ಸೊಸೈಟಿಯ ಮಹಾಸಭೆಯ ನೋಟೀಸು,
ಕನ್ನಡ ಶಾಲೆ ಮುಚ್ಚಬೇಡಿ ಎಂಬ ಕರಪತ್ರ, ಎರಡು ಸಲ.
“ಒತ್ತಕ್ಷರ ಉಂಟಲ್ಲ, ಅದು ಬೆರಳು ತಿನ್ನುವ ಜಾತಿ.
ನಿನ್ನ ಮದುವೆ ಕಾಗದ ಎಲ್ಲಿ ಮಾಡಿಸಿದ್ದು?”
ಮೊಬೈಲಿನಲ್ಲೇ ಅಂದೆ.
ಅವರು ಗೋಡೆಯ ಕ್ಯಾಲೆಂಡರ್ ನೋಡಿದರು.

ಎಡ ಎಂದು ತಿಳಿಯಲಿಕ್ಕೆ ಪ್ಲೇಟಿನ ಮೂಲೆಯಲ್ಲಿ
ಸೀಸದ ಎಲ್ ಒಂದನ್ನು ಇಡಬೇಕು.
ಅವರ ಬಲಗೈ ಅದನ್ನು ನನ್ನಿಂದ ಎತ್ತಿಕೊಂಡಿತು,
ಕಣ್ಣು ಹಾಯಿಸದೆ ತೂಗಿತು, ಅಂಚು ಸವರಿತು.
“ಸೀಸ,” ಅಂದರು, ದೂರದ ನೆಂಟರನ್ನು
ಸಂತೆಯಲ್ಲಿ ಗುರುತು ಹಿಡಿದವರ ಹಾಗೆ.
ತಾವೇ ಇಟ್ಟರು. ನಾನು ಗೋಡೆಯ ಆಚೆ ಹೋಗಿ
ಗುಂಡಿ ಒತ್ತಿದೆ.

ಹೆಬ್ಬೆರಳಿನ ಬುಡವೆಂದರೆ
ಒಂದರ ಮೇಲೊಂದು ಅಡ್ಡ ಕೂತ ಎರಡು ಜೀನು.
ಕುದುರೆ ಇಲ್ಲ, ಸವಾರ ಇಲ್ಲ,
ಆದರೂ ಸೂಜಿಗೆ ನೂಲು, ಬಾಯಿಗೆ ತುತ್ತು,
ಎಲ್ಲ ಸವಾರಿಯೂ ಅಲ್ಲಿಂದಲೇ.
ನಡುವೆ ಒಂದು ಕಪ್ಪು ಗೆರೆ ಇರಬೇಕು.
ಇರಲಿಲ್ಲ. ಎಲುಬಿಗೆ ಎಲುಬು ತಾಗಿ
ಅಂಚಿನಲ್ಲಿ ಮುಳ್ಳು ಬಿಟ್ಟಿತ್ತು.

ಪರದೆ ತಿರುಗಿಸಿ ತೋರಿಸಿದೆ. ತೋರಿಸಬಾರದು, ಡಾಕ್ಟರ ಕೆಲಸ ಅದು.
“ಆ ಗೆರೆ ಖಾಲಿ ಜಾಗ ಅಲ್ಲ ಅಜ್ಜ,
ಅಲ್ಲಿ ಮೃದು ಎಲುಬು ಇರ್ತದೆ. ನಮ್ಮ ಕಿರಣಕ್ಕೆ ಕಾಣುವುದಿಲ್ಲ, ಅಷ್ಟೇ.”
“ನಮ್ಮಲ್ಲಿಯೂ ಹಾಗೆಯೇ,” ಅಂದರು.
“ಶಬ್ದ ಶಬ್ದದ ನಡುವೆ ಬಿಡುವ ಜಾಗಕ್ಕೂ
ಸೀಸದ ತುಂಡೇ ಬೇಕು. ಮೊಳೆಗಿಂತ ಚೂರು ಗಿಡ್ಡ;
ಮಸಿ ತಾಗುವುದಿಲ್ಲ, ಓದುವವನಿಗೆ ಗೊತ್ತಾಗುವುದಿಲ್ಲ.
ಇಡದಿದ್ದರೆ ಮಾತ್ರ
ಇಡೀ ಊರಿಗೆ ಗೊತ್ತಾಗ್ತದೆ.”

ಸಂಜೆ ಕಾಞಂಗಾಡಿನಿಂದ ಡಾಕ್ಟರ ಫೋನು:
ಎಲ್ ಹಿಂದುಮುಂದಾಗಿ ಬಿದ್ದಿದೆಯಲ್ಲ,
ಚಿತ್ರ ಮಗುಚಿದ್ದೋ, ಬಲಗೈಯೋ, ಎಡಗೈಯೋ?
ಎಡಗೈಯೇ ಸರ್, ಅಂದೆ. ಅಕ್ಷರ ಇಟ್ಟವರು
ಅಚ್ಚಾದ ಮೇಲೆ ಸರಿ ಕಾಣಲಿ ಅಂತ ಇಟ್ಟದ್ದು.
ಅವರಿಗೆ ಅರ್ಥವಾಗಲಿಲ್ಲ. ಸರಿ ಸರಿ, ಅಂದರು.

ಅಷ್ಟರಲ್ಲಿ ಮಂಗಳೂರಿನ ಗಾಡಿ.
ಮೇಜಿನ ತುದಿಯಲ್ಲಿ ಆ ಸೀಸದ ಚೂರು
ನಡುಗುತ್ತ ನಡುಗುತ್ತ ಅಂಚಿಗೆ ಸರಿಯುತ್ತಿತ್ತು.
ಎಡಗೈ ಹೆಬ್ಬೆರಳಿನಿಂದ
ಒತ್ತಿ ಹಿಡಿದೆ.